ಕೊನೆಯ ವಹಿವಾಟು ಮುಗಿಯುವ ತನಕ

ಐಬಿಎಂ ಮೇನ್‌ಫ್ರೇಮಿನ ಮೇಲೆ ಓಡುವ ಸಿಐಸಿಎಸ್ ಎಂಬ ವಹಿವಾಟು ವ್ಯವಸ್ಥೆ 1969ರಲ್ಲಿ ಹೊರಬಂತು. ಅಮೆರಿಕದ ವಿದ್ಯುತ್, ಅನಿಲ ಕಂಪನಿಗಳ ಗ್ರಾಹಕರ ಲೆಕ್ಕಕ್ಕೆಂದು ಹುಟ್ಟಿದ್ದು. 1974ರಿಂದ ಇಂಗ್ಲೆಂಡಿನ ಹರ್ಸ್ಲಿಯ ಪ್ರಯೋಗಾಲಯ ಅದನ್ನು ಸಾಕಿ ಬೆಳೆಸಿತು. ಎಷ್ಟೋ ಬ್ಯಾಂಕುಗಳ, ವಿಮಾ ಕಂಪನಿಗಳ ವಹಿವಾಟು ಇಂದಿಗೂ ಅದರ ಹೆಗಲ ಮೇಲಿದೆ. ಅದರ ಓಟವನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ನಾನು ಮನಸೋತದ್ದು ಅದು ನಿಲ್ಲುವ ಚೆಂದಕ್ಕೆ.

ಆಪರೇಟರ್ ಟೈಪು ಮಾಡುವುದು ಪುಟ್ಟದೊಂದು ಆಜ್ಞೆ: ಸಿಇಎಂಟಿ ಪರ್ಫಾರ್ಮ್ ಶಟ್‌ಡೌನ್. ತೆರೆಯ ಮೇಲೆ ಏನೂ ದಡಬಡ ಉರುಳುವುದಿಲ್ಲ. ಮರ್ಯಾದಸ್ಥ ಅಂಗಡಿಯವರು ಅರ್ಧ ಷಟರ್ ಇಳಿಸಿ, ಒಳಗಿರುವ ಗಿರಾಕಿಗಳಿಗೆಲ್ಲ ಸಮಾಧಾನವಾಗಿ ಸಾಮಾನು ತೂಗಿ ಕೊಡುತ್ತಾರಲ್ಲ, ಹಾಗೆ. ಟರ್ಮಿನಲ್ಲಿನಿಂದ ಹೊಸ ಕೆಲಸಕ್ಕೆ ಪ್ರವೇಶವಿಲ್ಲ. ಮುಚ್ಚುವ ವೇಳೆಗೂ ಬೇಕೆಂದು ಮೊದಲೇ ಗೊತ್ತುಮಾಡಿಟ್ಟ ಕೆಲವಕ್ಕೆ ಮಾತ್ರ ವಿನಾಯಿತಿ.

ಆಮೇಲಿನ ಗಳಿಗೆಯೇ ನನಗೆ ಅತಿ ಪ್ರಿಯವಾದದ್ದು. ಯಾರದೋ ಖಾತೆಯಿಂದ ಹಣ ಕಳೆದಾಗಿದೆ, ಇನ್ಯಾರದೋ ಖಾತೆಗೆ ಇನ್ನೂ ಸೇರಿಲ್ಲ. ವ್ಯವಸ್ಥೆ ಕಾಯುತ್ತದೆ. ಆ ಹಣ ಸೇರುತ್ತದೆ, ಕಮಿಟ್ ಆಗುತ್ತದೆ ಅಂದರೆ ಕಾಯಂ ಆಗುತ್ತದೆ, ಹಿಡಿದಿಟ್ಟ ದಾಖಲೆಗಳ ಬೀಗ ಒಂದೊಂದಾಗಿ ಸಡಿಲುತ್ತದೆ. ಓಡುತ್ತಿರುವ ಟಾಸ್ಕುಗಳ ಪಟ್ಟಿ ಕಿರಿದಾಗುತ್ತ, ಇನ್ನೂ ಕಿರಿದಾಗುತ್ತ ಹೋಗುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು.

ಹಟ ಹಿಡಿದು ಕೂತ ಟಾಸ್ಕು ಇದ್ದರೆ? ಅದನ್ನು ಏಳಿಸಲು ಸಿಇಎಸ್‌ಡಿ ಎಂಬ ಸಹಾಯಕನಿದ್ದಾನೆ. ಮೊದಲು ಮೆತ್ತಗೆ ಪರ್ಜ್ ಮಾಡಿ, ಅಂದರೆ ಹೊರಗೆ ಕಳಿಸಿ ನೋಡುತ್ತಾನೆ, ಜಗ್ಗದಿದ್ದರೆ ಒತ್ತಾಯ ಹೆಚ್ಚಿಸುತ್ತಾನೆ. ಎಬ್ಬಿಸಿದ ಟಾಸ್ಕು ಅರ್ಧಕ್ಕೆ ಬಿಟ್ಟದ್ದನ್ನು ಬಿಟ್ಟಲ್ಲೇ ಬಿಡುವುದಿಲ್ಲ. ಅದು ಮುಟ್ಟಿದ ದಾಖಲೆಗಳನ್ನು ವ್ಯವಸ್ಥೆ ಮೊದಲಿದ್ದಂತೆ ತಿರುಗಿ ಕೂರಿಸುತ್ತದೆ. ಎಂಥ ನಯ ಇದು!

ಕೊನೆಗೆ ಫೈಲುಗಳು ಮುಚ್ಚಿ, ಅಂಕಿಅಂಶ ಬರೆದಿಟ್ಟು, ಗ್ಲೋಬಲ್ ಕ್ಯಾಟಲಾಗ್ ಎಂಬ ಕಡತದಲ್ಲಿ ವಾರ್ಮ್ ಕೀಪಾಯಿಂಟ್ ಬೀಳುತ್ತದೆ. ಯಾವುದು ಯಾವ ಸ್ಥಿತಿಯಲ್ಲಿತ್ತು ಎಂಬುದರ ಸೊಗಸಾದ, ದಟ್ಟವಾದ ಟಿಪ್ಪಣಿ ಅದು. ಆಟೋ ಎಂದು ಹೇಳಿ ಮತ್ತೆ ಎಬ್ಬಿಸಿದರೆ ಸಾಕು, ವ್ಯವಸ್ಥೆ ಕ್ಯಾಟಲಾಗನ್ನು ತಾನೇ ನೋಡಿ, ಬಿಟ್ಟಲ್ಲಿಂದ ಬೆಚ್ಚಗೆ ಶುರುಮಾಡುತ್ತದೆ.

ಇಮ್ಮೀಡಿಯೆಟ್ ಎಂದು ಸೇರಿಸಿ ಅವಸರದಲ್ಲಿ ನಿಲ್ಲಿಸುವವರೂ ಇದ್ದಾರೆ. ಆಗ ಯಾರಿಗೂ ಹೆಚ್ಚು ಹೊತ್ತು ಕಾಯುವುದಿಲ್ಲ, ಕೀಪಾಯಿಂಟೂ ಇಲ್ಲ. ಆದರೂ ಮುಂದಿನ ಎಮರ್ಜೆನ್ಸಿ ರೀಸ್ಟಾರ್ಟಿನಲ್ಲಿ ಸಿಸ್ಟಂ ಲಾಗನ್ನು ಕೊನೆಯಿಂದ ಹಿಂದಕ್ಕೆ ಓದುತ್ತ, ತುಂಡಾದ ಒಂದೊಂದು ಕೆಲಸವನ್ನೂ ಬಿಡಿಸಿ ಸರಿಪಡಿಸುತ್ತದೆ. ತಾಳ್ಮೆಯ ಈ ಹಿನ್ನಡಿಗೆಯೂ ಸವಿಯತಕ್ಕದ್ದೇ. ಹಾಗೆಂದು ಅದನ್ನು ದಿನದ ರೂಢಿ ಮಾಡಿಕೊಳ್ಳುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ನೀವು ಎಂದಾದರೂ ಇಂಥ ಕನ್ಸೋಲಿನ ಎದುರು ನಿಂತರೆ, ಸಂದೇಶಗಳ ನಡುವೆ ಡಿಎಫ್‌ಎಚ್‌ಆರ್‌ಎಂ0204 ಬಂದಿದೆಯೇ ಎಂದು ಹುಡುಕಿ. ಬೇರೆ ವ್ಯವಸ್ಥೆಯ ಉತ್ತರಕ್ಕಾಗಿ ತೂಗಾಡುತ್ತಿರುವ ಕೆಲಸವಾಗಲಿ, ಕಮಿಟ್‌ನಲ್ಲೋ ಹಿಂಪಡೆಯುವುದರಲ್ಲೋ ಎಡವಿದ ಕೆಲಸವಾಗಲಿ ಒಂದೂ ಉಳಿದಿಲ್ಲ ಎಂದು ಅದರ ಅರ್ಥ. ಅದನ್ನು ನಿಧಾನವಾಗಿ, ಎರಡು ಸಲ ಓದಿ.