ಅಮೆರಿಕದ ಕಂಟ್ರಿ ಗೀತಗಳಲ್ಲಿ ಸ್ತ್ರೀಚಿತ್ರಣ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣಭಾಗದ ಗ್ರಾಮಜನರಲ್ಲಿ ಹುಟ್ಟಿ, ೧೯೨೦ರ ದಶಕದಿಂದೀಚೆಗೆ ಧ್ವನಿಮುದ್ರಿಕೆಗಳ ಮೂಲಕ ದೇಶವನ್ನೆಲ್ಲ ವ್ಯಾಪಿಸಿದ ‘ಕಂಟ್ರಿ’ ಸಂಗೀತದಲ್ಲಿ ಹೆಂಗಸು ಒಂದೋ ಮನೆಯಲ್ಲಿ ಕಾದಿರುವ ಸಾಧ್ವಿ, ಇಲ್ಲವೆ ಕೈಬಿಟ್ಟುಹೋದ ಪಾತಕಿ ಎಂಬ ಮಾತು ರೂಢಿಯಲ್ಲಿದೆ. ಮಾತು ಸುಳ್ಳಲ್ಲ, ಆದರೆ ಅಷ್ಟರಿಂದ ತೃಪ್ತರಾದವರಿಗೆ ಆ ಗೀತಗಳೊಳಗೆ ನಡೆದ ವಾಗ್ವಾದ ಕೇಳಿಸಲಾರದು.

೧೯೫೨ರಲ್ಲಿ ಹ್ಯಾಂಕ್ ಥಾಂಪ್ಸನ್ ಹಾಡಿದ ‘ದಿ ವೈಲ್ಡ್ ಸೈಡ್ ಆಫ್ ಲೈಫ್’ ಎಂಬ ಗೀತದಲ್ಲಿ, ಪಾನಗೃಹಗಳ ಬೆಳಕಿಗೆ ಮರುಳಾಗಿ ತನ್ನನ್ನು ತೊರೆದವಳನ್ನು ಗಂಡಸು ದೂರುತ್ತಾನೆ. ಅದೇ ವರ್ಷ ಕಿಟ್ಟಿ ವೆಲ್ಸ್ ಎಂಬಾಕೆ ಅದೇ ಧಾಟಿಯಲ್ಲಿ ಪ್ರತ್ಯುತ್ತರವನ್ನು ಹಾಡಿದಳು: ಅಂತಹ ಹೆಂಗಸರನ್ನು ನಿರ್ಮಿಸಿದವನು ದೇವರಲ್ಲ, ಮದುವೆಯಾಗಿಯೂ ಬ್ರಹ್ಮಚಾರಿಗಳಂತೆ ನಡೆಯುವ ಗಂಡಸರು ಎಂಬುದೇ ಅದರ ತಾತ್ಪರ್ಯ. ಎನ್‌.ಬಿ.ಸಿ. ರೇಡಿಯೋ ಸಂಸ್ಥೆ ಅದನ್ನು ನಿಷೇಧಿಸಿತು. ಆದರೂ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಏಕಾಕಿಯಾಗಿ ಹಾಡಿದ ಹೆಂಗಸೊಬ್ಬಳು ಪ್ರಥಮಸ್ಥಾನವನ್ನು ಪಡೆದುದು ಅದೇ ಮೊದಲು.

ಇದನ್ನು ಸ್ತ್ರೀವಿಮೋಚನೆಯ ಗೀತವೆಂದು ಕೊಂಡಾಡುವವರುಂಟು. ನಾವು ಅಷ್ಟು ದೂರ ಹೋಗಲಾರೆವು. ಇದನ್ನು ರಚಿಸಿದವನು ಜೆ. ಡಿ. ಮಿಲ್ಲರ್ ಎಂಬ ಗಂಡಸು ಎಂಬ ಕಾರಣಕ್ಕಾಗಿ ಅಲ್ಲ. ಪರಕಾಯಪ್ರವೇಶವು ಕವಿಗೆ ಸಹಜವಾದುದೇ. ಆಕ್ಷೇಪವು ವಾದದ ಸ್ವರೂಪದಲ್ಲಿದೆ. ಪಾನಗೃಹದ ಹೆಂಗಸು ಪತಿತೆಯೆಂಬ ಎದುರಾಳಿಯ ತೀರ್ಪನ್ನು ಗೀತವು ಒಪ್ಪಿಕೊಂಡೇ, ಅಪರಾಧಿ ಯಾರೆಂಬುದನ್ನು ಮಾತ್ರ ಬದಲಿಸುತ್ತದೆ. ಅವಳಿಗೆ ಸ್ವಂತ ಇಚ್ಛೆಯೊಂದಿರಬಹುದೆಂಬ ಸಂದೇಹ ಎಲ್ಲಿಯೂ ಸುಳಿಯದು.

ಹೀಗಿದ್ದರೂ ಅದರ ಬಲ ಬೇರೆಡೆಯಲ್ಲಿ ಇದೆ. ಥಾಂಪ್ಸನ್ನನ ಗೀತದಲ್ಲಿ ‘ನಾನು’ ‘ನಿನ್ನನ್ನು’ ದೂರುವುದು. ವೆಲ್ಸಳ ಗೀತದಲ್ಲಿ ಆ ಸರ್ವನಾಮ ಬಹುವಚನವಾಗುತ್ತದೆ. ಒಬ್ಬಳ ಮೇಲಿನ ದೂರಿಗೆ ಹೆಂಗಸರೆಲ್ಲರ ಪರವಾಗಿ ಉತ್ತರ ಬಂದಂತಾಯಿತು. ಧಾಟಿಯ ಇತಿಹಾಸವೂ ಗಮನಾರ್ಹ. ೧೯೨೯ರಲ್ಲಿ ಕಾರ್ಟರ್ ಕುಟುಂಬದವರು ಅದನ್ನು ವಿರಹಗೀತವಾಗಿ ಹಾಡಿದಾಗ ಕೇಳಿದ್ದು ಸಾರಾ ಕಾರ್ಟರಳ ಕಂಠ. ಆಮೇಲೆ ರಾಯ್ ಏಕಫ್ ಅದನ್ನು ಭಕ್ತಿಗೀತಕ್ಕೆ ಬಳಸಿದನು. ಸಾಹಿತ್ಯವನ್ನಷ್ಟೇ ಓದುವ ನಮ್ಮಂಥವರಿಗೆ, ವೆಲ್ಸಳ ಉತ್ತರದಲ್ಲಿ ಹಳೆಯ ಧಾಟಿಯೊಂದು ಮತ್ತೆ ಹೆಣ್ಣಿನ ಬಾಯಿಗೆ ಬಂದಿತೆಂಬ ಅಂಶ ಕಾಣದೇ ಹೋಗುವುದು.

೧೯೬೮ರ ‘ಸ್ಟ್ಯಾಂಡ್ ಬೈ ಯುವರ್ ಮ್ಯಾನ್’ ಗೀತಕ್ಕೆ ಪಾತಿವ್ರತ್ಯದ ಉಪದೇಶವೆಂಬ ಅಪಕೀರ್ತಿ ಬಂದಿದೆ. ಅದನ್ನು ಹಾಡಿದ ಟ್ಯಾಮಿ ವೈನೆಟ್ ರಚನೆಯಲ್ಲಿಯೂ ಪಾಲುಗಾರ್ತಿ. ಗಂಡನ ತಪ್ಪನ್ನು ಅಲ್ಲಿ ಕ್ಷಮಿಸುವುದು, ಅವನು ಎಷ್ಟಾದರೂ ಗಂಡಸಷ್ಟೆ ಎಂಬ ಕಾರಣದಿಂದ, ಪೂಜ್ಯನೆಂದಲ್ಲ. ಇದರಲ್ಲಿ ಕನಿಕರಕ್ಕಿಂತ ತಿರಸ್ಕಾರ ಹೆಚ್ಚೇ ಎಂಬುದನ್ನು ವಾಚಕರೇ ವಿಚಾರಿಸಬಹುದು.

ವೆಲ್ಸಳ ಗೀತದಲ್ಲಿ ನಾವು ಅರಸಿ ಕಾಣದ ಸ್ವೇಚ್ಛೆ ೧೯೭೫ರಲ್ಲಿ ಪ್ರಕಟವಾದ ಲೊರೆಟಾ ಲಿನ್ನಳ ‘ದಿ ಪಿಲ್’ ಗೀತದಲ್ಲಿ ದೊರೆಯುತ್ತದೆ. ಗಣಿಕೆಲಸಗಾರನ ಮಗಳಾಗಿ ಹುಟ್ಟಿ, ಆರು ಮಕ್ಕಳನ್ನು ಹೆತ್ತ ಈ ಗಾಯಕಿ ಗರ್ಭನಿರೋಧದ ಗುಳಿಗೆಯನ್ನು ಕುರಿತು ಹಾಡಲು ಆರಿಸಿಕೊಂಡ ರೂಪಕ ಕೋಳಿಗೂಡಿನದು: ವರ್ಷವರ್ಷವೂ ಮರಿಮಾಡಿ ಬೇಸತ್ತ ಹೇಂಟೆ ಇನ್ನು ಕಾವಿಗೆ ಕೂರಲಾರೆನೆನ್ನುತ್ತದೆ. ಇಲ್ಲಿ ಯಾರ ಮೇಲೂ ಪಾತಕದ ಆರೋಪವಿಲ್ಲ, ಕಣ್ಣೀರಿಲ್ಲ; ಇರುವುದು ಲೆಕ್ಕ ತೀರಿಸಿಕೊಳ್ಳುವವಳ ನಗೆ. ಅನೇಕ ಬಾನುಲಿ ನಿಲಯಗಳು ಈ ಗೀತವನ್ನು ಪ್ರಸಾರಮಾಡಲು ಒಪ್ಪಲಿಲ್ಲ. ಮುದ್ರಣವಾದ ಮೇಲೆ ಗೀತವು ಹೊರಬರಲು ಮೂರು ವರ್ಷ ಹಿಡಿದಿತ್ತು.