ಸಿಹಿನೀರಿನ ಅಂತರಶಿಸ್ತೀಯ ಅಧ್ಯಯನ: ಪಠ್ಯಕ್ರಮದಲ್ಲಿ ಕೆರೆ ಎಲ್ಲಿದೆ?

ಎಂ.ಎಸ್ಸಿ. ಅಥವಾ ಪಿಎಚ್.ಡಿ.ಗೆ ಎಲ್ಲಿ ಸೇರಬೇಕೆಂದು ಕೇಳಿಕೊಂಡು ಬರುವ ವಿದ್ಯಾರ್ಥಿಗಳ ಬಾಯಲ್ಲಿ ಇತ್ತೀಚೆಗೆ ಒಂದು ಹೆಸರು ಮತ್ತೆ ಮತ್ತೆ ಕೇಳಿಬರುತ್ತಿದೆ: 'ಸಿಹಿನೀರಿನ ವಿಜ್ಞಾನ ಮತ್ತು ನಿರ್ವಹಣೆ'. ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ, ಎಂಜಿನಿಯರಿಂಗ್, ಅರ್ಥಶಾಸ್ತ್ರ, ಕಾನೂನು ಎಲ್ಲವನ್ನೂ ಒಂದೇ ಪದವಿಯಲ್ಲಿ ಕಲಿಸುವ ಅಂತರಶಿಸ್ತೀಯ ಅಧ್ಯಯನವಿದು. ಉದ್ದೇಶ ಒಳ್ಳೆಯದೇ. ಕೆರೆಯೊಂದು ಕೊಳೆಯುವಾಗ ಅದು ಯಾವ ವಿಭಾಗಕ್ಕೆ ಸೇರಿದ್ದೆಂದು ಕೇಳಿ ಕೊಳೆಯುವುದಿಲ್ಲ. ಆದರೂ 'ಸೇರಿ' ಎಂದು ಹೇಳುವ ಮೊದಲು ನಾನು ಪಠ್ಯಕ್ರಮವನ್ನು ತರಿಸಿ ನೋಡುತ್ತೇನೆ. ನೋಡಿದ ಮೇಲೆ ಬಹಳ ಸಲ ನಿರಾಶೆಯಾಗುತ್ತದೆ. ಏಕೆಂಬುದನ್ನು ನಿಮ್ಮ ಮುಂದಿಡುತ್ತೇನೆ.

ಇಂತಹ ಅಧ್ಯಯನದ ಮಾತು ಬಂದಾಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯವನ್ನು ಬಿಡುವಂತಿಲ್ಲ. ಅಲ್ಲಿಯ ಮಿಲ್ವಾಕಿಯಲ್ಲಿ 2009ರಲ್ಲಿ ಸಿಹಿನೀರಿನ ವಿಜ್ಞಾನಕ್ಕೇ ಮೀಸಲಾದ ಸ್ನಾತಕೋತ್ತರ ಶಾಲೆ ಆರಂಭವಾಯಿತು. ಅದಕ್ಕಿಂತ ಹಳೆಯದು ಮ್ಯಾಡಿಸನ್ನಿನ ಪರಂಪರೆ. ಮ್ಯಾಡಿಸನ್ನಿನ ವಿಶ್ವವಿದ್ಯಾನಿಲಯ ಮೆಂಡೋಟಾ ಸರೋವರದ ದಂಡೆಯಲ್ಲೇ ಇದೆ. ಸರೋವರದ ಹರವು ಸುಮಾರು 39 ಚದರ ಕಿ.ಮೀ., ಗರಿಷ್ಠ ಆಳ ಸುಮಾರು 25 ಮೀಟರ್.

ಎಡ್ವರ್ಡ್ ಬರ್ಜ್ ಅಲ್ಲಿಗೆ ಅಧ್ಯಾಪಕರಾಗಿ ಬಂದದ್ದು 1875ರಲ್ಲಿ. ಅವರು ಪ್ರಾಣಿವಿಜ್ಞಾನಿ. 1890ರ ದಶಕದಲ್ಲಿ ಅವರು ಸರೋವರದ ಬೇರೆ ಬೇರೆ ಆಳಗಳಿಂದ ಡಾಫ್ನಿಯಾದಂತಹ ಸೂಕ್ಷ್ಮ ಕಠಿಣಚರ್ಮಿಗಳನ್ನು ಎತ್ತಿ ಎಣಿಸುತ್ತಿದ್ದರು. ಬೇಸಿಗೆಯಲ್ಲಿ ಈ ಜೀವಿಗಳು ಒಂದು ಆಳದವರೆಗೆ ಹೇರಳ, ಅದರ ಕೆಳಗೆ ವಿರಳ. ನಡುವೆ ಗೋಡೆಯೇನೂ ಇಲ್ಲ. ಉಷ್ಣಮಾಪಕ ಇಳಿಸಿದಾಗ ಉತ್ತರದ ಅರ್ಧ ಸಿಕ್ಕಿತು: ಮೇಲೆ ಬೆಚ್ಚನೆಯ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು, ಇವೆರಡರ ನಡುವೆ ಉಷ್ಣತೆ ಥಟ್ಟನೆ ಕುಸಿಯುವ ತೆಳುವಾದ ಪದರ. ಇದಕ್ಕೆ ಅವರಿಟ್ಟ 'ಥರ್ಮೋಕ್ಲೈನ್' ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಉಳಿದರ್ಧ ಆಕ್ಸಿಜನ್ನಿನಲ್ಲಿತ್ತು. ಪದರದ ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪುತ್ತದೆ; ಇದ್ದ ಆಕ್ಸಿಜನ್ ಕೊಳೆಯುವ ವಸ್ತುಗಳಿಗೆ ಖರ್ಚಾಗಿಬಿಡುತ್ತದೆ. ಹಾಗಾಗಿ ಬರ್ಜ್ ರಸಾಯನವಿಜ್ಞಾನದ ಕಡೆಗೂ ಹೊರಳಬೇಕಾಯಿತು. ಚಾನ್ಸಿ ಜುಡೇ ಅವರೊಡನೆ ವಿಸ್ಕಾನ್ಸಿನ್ ಸರೋವರಗಳ ವಿಲೀನ ಅನಿಲಗಳ ಬಗ್ಗೆ 1911ರಲ್ಲಿ ಒಂದು ದೊಡ್ಡ ವರದಿ ಪ್ರಕಟಿಸಿದರು. 1916ರಲ್ಲಿ ಇನ್ನೂ ಮುಂದೆ ಹೋಗಿ, ಸರೋವರವನ್ನು ಬೆಚ್ಚಗಾಗಿಸಲು ಗಾಳಿ ಎಷ್ಟು ಕೆಲಸ ಮಾಡಬೇಕೆಂಬ ಲೆಕ್ಕ ಹಾಕಿದರು. ಕೆಲಸ ಎಂದರೆ ನಾವು ಪಿ.ಯು.ಸಿ.ಯಲ್ಲಿ ಹೇಳಿಕೊಡುವ ಅದೇ ಕೆಲಸ.

ಬರ್ಜ್ ಅವರಿಗೆ ಅಂತರಶಿಸ್ತೀಯ ಅಧ್ಯಯನವನ್ನು ಯಾರೂ ಬೋಧಿಸಲಿಲ್ಲ ಎಂಬುದನ್ನು ಗಮನಿಸಿ. ಅವರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು, ಒಂದು ಸರೋವರ ಕಣ್ಣೆದುರಿಗಿತ್ತು, ಪ್ರಶ್ನೆ ಅವರನ್ನು ಬೇಲಿ ದಾಟಿಸಿತು. ಈಗಿನ ಹಲವು ಪಠ್ಯಕ್ರಮಗಳು ಇದನ್ನು ತಲೆಕೆಳಗು ಮಾಡಿವೆ. ಎರಡು ಕ್ರೆಡಿಟ್ ಜಲವಿಜ್ಞಾನ, ಎರಡು ಕ್ರೆಡಿಟ್ ಪ್ಲವಕಗಳು, ಎರಡು ಕ್ರೆಡಿಟ್ ಜಲನೀತಿ. ಬಾಳೆಲೆಯ ಮೇಲೆ ಕೋಸಂಬರಿ, ಪಲ್ಯ, ಗೊಜ್ಜು ಬಡಿಸಿದ ಹಾಗೆ ಎಲ್ಲವೂ ಅದರದರ ಜಾಗದಲ್ಲಿ ಇರುತ್ತವೆ. ಕಲಸುವ ಅನ್ನ ಮಾತ್ರ ಬಂದಿರುವುದಿಲ್ಲ.

ಪರಿಣಾಮವನ್ನು ನಾನೇ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಕೆರೆಯೊಂದರ ಮೇಲಿನ ಪ್ರಬಂಧ ನನ್ನ ಬಳಿ ಮೌಲ್ಯಮಾಪನಕ್ಕೆ ಬಂದಿತ್ತು. ತಿಂಗಳಿಗೊಮ್ಮೆ ಬೆಳಿಗ್ಗೆ ಹನ್ನೊಂದಕ್ಕೆ, ದಡದಿಂದ, ಬಕೆಟ್ಟಿನಲ್ಲಿ ಎತ್ತಿದ ನೀರು. ಆಕ್ಸಿಜನ್ ಧಾರಾಳವಾಗಿದೆ, ಕೆರೆ ಆರೋಗ್ಯವಾಗಿದೆ ಎಂಬ ತೀರ್ಮಾನ. ಸ್ತರೀಕರಣದ ಅಧ್ಯಾಯದಲ್ಲಿ ಮಾತ್ರ ವಸಂತ ಮತ್ತು ಶರತ್ಕಾಲಗಳಲ್ಲಿ ಸರೋವರದ ನೀರು ಮಗುಚಿಕೊಳ್ಳುವ ವರ್ಣನೆ ಇತ್ತು! ಅದು ಚಳಿಗಾಲದಲ್ಲಿ ಹೆಪ್ಪುಗಟ್ಟುವ ಮೆಂಡೋಟಾದಂತಹ ಸರೋವರಗಳ ಕಥೆ, ನಮ್ಮ ಬಯಲುಸೀಮೆಯ ಕೆರೆಯದಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಂದು ಘನ ಮೀಟರ್ ನೀರನ್ನು ತೆಗೆದುಕೊಳ್ಳಿ. ಉಷ್ಣತೆ 4 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿಗೆ ಏರಿದಾಗ ಆ ಗಾತ್ರದ ನೀರಿನ ದ್ರವ್ಯರಾಶಿ ಕಡಿಮೆಯಾಗುವುದು ಸುಮಾರು 8 ಗ್ರಾಂ ಮಾತ್ರ. 28ರಿಂದ 29ಕ್ಕೆ ಏರಿದಾಗ ಸುಮಾರು 290 ಗ್ರಾಂ. ಅದೇ ಒಂದು ಡಿಗ್ರಿ, ಪರಿಣಾಮ ಸುಮಾರು 35 ಪಟ್ಟು. ಆದ್ದರಿಂದ ನಮ್ಮ ಆಳವಿಲ್ಲದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಮೇಲೆ ಕೆಳಗೆ ಒಂದೆರಡು ಡಿಗ್ರಿ ವ್ಯತ್ಯಾಸವಾದರೂ ಸಾಕು, ಮಂದಗಾಳಿಗೆ ನೀರು ಬೆರೆಯದು. ರಾತ್ರಿ ಮೇಲ್ಮೈ ತಣಿದಾಗ ಬೆರೆಯುತ್ತದೆ. ಹಗಲಲ್ಲಿ ಮೇಲ್ಪದರದ ಪಾಚಿ ಆಕ್ಸಿಜನ್ ಬಿಡುತ್ತದೆ, ಇರುಳಲ್ಲಿ ಎಲ್ಲ ಜೀವಿಗಳೂ ಅದನ್ನು ಬಳಸುತ್ತವೆ. ಮೀನು ಸಾಯುವ ಅಪಾಯ ಹೆಚ್ಚಾಗಿರುವುದು ಬೆಳಗಿನ ಜಾವದಲ್ಲಿ. ಹನ್ನೊಂದು ಗಂಟೆಯ ಬಕೆಟ್ಟಿಗೆ ಅದು ಹೇಗೆ ಗೊತ್ತಾಗಬೇಕು? ಆ ವಿದ್ಯಾರ್ಥಿ ಮಂಕನಲ್ಲ. ನೀರಿನ ಸಾಂದ್ರತೆಯನ್ನು ಒಂದು ಪತ್ರಿಕೆಯಲ್ಲಿ, ಆಕ್ಸಿಜನ್ನನ್ನು ಇನ್ನೊಂದರಲ್ಲಿ ಓದಿ ಎರಡರಲ್ಲೂ ಪಾಸಾಗಿದ್ದ.

ನಿರ್ವಹಣೆಯ ಭಾಗವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಲ್ಲಿ ಭೌತವಿಜ್ಞಾನಿಯ ಜಂಭ ನಡೆಯದು. ಮೆಂಡೋಟಾಕ್ಕೆ ಬರುತ್ತಿದ್ದ ಚರಂಡಿ ನೀರನ್ನು 1971ರಲ್ಲೇ ಬೇರೆಡೆಗೆ ತಿರುಗಿಸಿದರು. ಪಾಚಿ ಹೋಗಲಿಲ್ಲ. ಸುತ್ತಲ ಹೈನುಗಾರಿಕೆಯ ಹೊಲಗಳಿಂದ ಗೊಬ್ಬರದ ರಂಜಕ ಇಳಿದು ಬರುತ್ತಲೇ ಇತ್ತು. ಪಾಚಿಯನ್ನು ಮೇಯುವ ಡಾಫ್ನಿಯಾಗಳಿಂದಾಗಿ ನೀರು ಒಂದಿಷ್ಟು ತಿಳಿಯಾಗಿರುತ್ತಿತ್ತು. 2009ರಲ್ಲಿ ಆ ಡಾಫ್ನಿಯಾಗಳನ್ನು ತಿನ್ನುವ ಮುಳ್ಳುಬಾಲದ ನೀರುಚಿಗಟವೆಂಬ ಹೊರಗಿನ ಜೀವಿ ಅಲ್ಲಿ ಪತ್ತೆಯಾಯಿತು. ನೀರಿನ ಪಾರದರ್ಶಕತೆ ಸುಮಾರು ಒಂದು ಮೀಟರ್‌ನಷ್ಟು ಕುಸಿಯಿತು. ಮೊದಲಿನ ತಿಳಿನೀರು ಮರಳಬೇಕಾದರೆ ಸರೋವರ ಸೇರುವ ರಂಜಕವನ್ನು ಶೇ. 71ರಷ್ಟು ತಗ್ಗಿಸಬೇಕು, ಅದಕ್ಕೆ 8.65 ಕೋಟಿಯಿಂದ 16.3 ಕೋಟಿ ಡಾಲರ್ ಬೇಕು ಎಂದು ಮ್ಯಾಡಿಸನ್ನಿನ ಮೂವರು ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಒಂದು ಪುಟ್ಟ ಜೀವಿಯ ಎಣಿಕೆಯಿಂದ ಹೊರಟ ಕೆಲಸ ತೆರಿಗೆದಾರನ ಜೇಬಿನವರೆಗೆ ಹೋಯಿತು. ಅಂತರಶಿಸ್ತೀಯ ಎಂದು ನಾನು ಕರೆಯುವುದು ಇದನ್ನು. ಆದರೆ ಇದರ ಹಿಂದೆ ದಶಕಗಟ್ಟಲೆಯ ಅಳತೆಗಳು ಇದ್ದವೆಂಬುದನ್ನು ಮರೆಯಬಾರದು. ಎರಡು ವರ್ಷದ ಪದವಿ ಅದನ್ನು ಒದಗಿಸಲಾರದು, ವಿಭಾಗ ಒದಗಿಸಬಹುದು: ಒಂದೇ ಕೆರೆಯನ್ನು ತಂಡದಿಂದ ತಂಡಕ್ಕೆ ದಾಟಿಸುತ್ತಾ ಹೋದರೆ.

ಆದ್ದರಿಂದ ಸೇರುವ ಮೊದಲು ಕೇಳಿ. ನಿಮ್ಮ ವಿಭಾಗ ಯಾವ ಕೆರೆಯನ್ನು, ಎಷ್ಟು ವರ್ಷಗಳಿಂದ ಅಳೆಯುತ್ತಿದೆ? ಹಿಂದಿನ ತಂಡದ ದತ್ತಾಂಶ ನನಗೆ ಸಿಗುತ್ತದೆಯೇ? ಒಂದು ವಿಷಯವನ್ನಾದರೂ ಬುಡದವರೆಗೆ ಕಲಿಸುತ್ತೀರಾ? ಅಧ್ಯಾಪಕ ಮಿತ್ರರು ಇವನ್ನು ಪಠ್ಯಕ್ರಮ ಸಮಿತಿಗಳಲ್ಲೂ ಕೇಳಬೇಕು. ಅಂತಹ ಒಂದು ಸಮಿತಿಯಲ್ಲಿ ನಾನೂ ಇದ್ದೆ. ಎಲ್ಲ ವಿದ್ಯಾರ್ಥಿಗಳೂ ಸೇರಿ ವರ್ಷವಿಡೀ ಒಂದೇ ಕೆರೆಯಲ್ಲಿ, ಸೂರ್ಯೋದಯಕ್ಕೆ ಮೊದಲು ಮತ್ತು ಮಧ್ಯಾಹ್ನ, ಅರ್ಧ ಅರ್ಧ ಮೀಟರ್ ಆಳದಲ್ಲಿ ಉಷ್ಣತೆ ಮತ್ತು ಆಕ್ಸಿಜನ್ ಅಳೆಯಲಿ ಎಂದು ಸೂಚಿಸಿದೆ. ಎಲ್ಲರೂ ತಲೆಯಾಡಿಸಿದರು. ನಡವಳಿ ಕೈಗೆ ಬಂದಾಗ ಅದರಲ್ಲಿ ಹೀಗಿತ್ತು: 'ಕ್ಷೇತ್ರಭೇಟಿ, ಒಂದು ದಿನ.'