ಫ್ರೆಂಚ್ ವ್ಯಂಜನಗಳ ಆರಂಭಿಕ ಬೋಧನೆ: ಆದ್ಯತೆಯ ಕ್ರಮವನ್ನು ಕುರಿತು

ಕನ್ನಡ ಮನೆಮಾತಿನ ಎಳೆಯ ಮಕ್ಕಳಿಗೆ ಫ್ರೆಂಚ್ ಉಚ್ಚಾರಣೆಯನ್ನು ಕಲಿಸುವಾಗ ಎರಡು ರೂಢಿಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಒಂದು, ಇಂಗ್ಲಿಷನ್ನು ಸೇತುವೆಯಾಗಿ ಬಳಸುವುದು; ಇನ್ನೊಂದು, ಕಿರುನಾಲಿಗೆಯ ಬಳಿ ಹುಟ್ಟುವ ಫ್ರೆಂಚ್ ರಕಾರವನ್ನು ಮೊದಲ ಪಾಠಗಳಲ್ಲೇ ಸಾಧಿಸಲು ಹೊರಡುವುದು. ಮೊದಲನೆಯದು ಮಗುವಿನ ಬಳಿ ಈಗಾಗಲೇ ಇರುವುದನ್ನು ಮರೆಸುತ್ತದೆ. ಎರಡನೆಯದು ಮಗುವಿಗೆ ನಿಜವಾಗಿ ಬೇಕಾದುದನ್ನು ಮುಂದೂಡುತ್ತದೆ ಎಂಬುದು ನಮ್ಮ ವಾದ.

ಇಂಗ್ಲಿಷಿನಲ್ಲಿ ಪದಾದಿಯ ಅಘೋಷ ಸ್ಪರ್ಶಗಳು ಮಹಾಪ್ರಾಣದ ಛಾಯೆಯಿಂದ ಉಚ್ಚರಿತವಾಗುತ್ತವೆ, ಫ್ರೆಂಚಿನಲ್ಲಿ ಹಾಗಿಲ್ಲ. ಆದ್ದರಿಂದ ಬಾಯಿಯ ಮುಂದೆ ಕಾಗದ ಹಿಡಿದು, ಅದು ಅಲುಗದಂತೆ ನುಡಿಸುವ ಅಭ್ಯಾಸವು ಇಂಗ್ಲಿಷ್ ಭಾಷಿಕ ಮಕ್ಕಳಿಗೆ ಉಪಯುಕ್ತ. ಕನ್ನಡದ ಮಗುವಿಗೆ ಪ, ತ, ಕ ಎಂಬ ಅಲ್ಪಪ್ರಾಣಗಳು ಸಹಜಸಿದ್ಧ. ಫ್ರೆಂಚಿನ ತಕಾರ ದಕಾರಗಳು ದಂತ್ಯಗಳಾಗಿರುವುದೂ ಅದಕ್ಕೆ ಅನುಕೂಲವೇ. ಆದರೆ ಇಂಗ್ಲಿಷಿನ ಹಾದಿಯಲ್ಲಿ ಬಂದ ಮಗು ‘ಟೇಬಲ್’ ಎಂಬ ಮೂರ್ಧನ್ಯವನ್ನೇ ಫ್ರೆಂಚಿಗೂ ಒಯ್ಯುತ್ತದೆ. ‘ತಾಬ್ಲ್’ ಎನ್ನಲು ಬೇಕಾದ ಧ್ವನಿ ತನ್ನ ಮಾತಿನಲ್ಲೇ ಇದೆಯೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ರಕಾರದ ವಿಷಯ ಇನ್ನೊಂದು ಬಗೆಯದು. ಕನ್ನಡದ ಮಗು ನಾಲಿಗೆಯ ತುದಿಯಿಂದ ನುಡಿಯುವ ರಕಾರವು ಫ್ರೆಂಚಿನ ಬೇರಾವ ಧ್ವನಿಮಾದೊಡನೆಯೂ ಬೆರೆಯುವುದಿಲ್ಲ. ಪಶ್ಚಿಮ ಆಫ್ರಿಕಾದ ಫ್ರೆಂಚ್ ಭಾಷಿಕರಲ್ಲಿ ಅನೇಕರು ಅದನ್ನೇ ಬಳಸುತ್ತಾರೆ. ಅದರಿಂದ ಪರಕೀಯತೆ ತೋರಬಹುದು, ಅರ್ಥ ಕೆಡದು. ಉಚ್ಚಾರಣೆಯ ಸಾಮಾಜಿಕ ಮೌಲ್ಯವನ್ನು ನಾವು ಅಲ್ಲಗಳೆಯುತ್ತಿಲ್ಲ. ಆದರೆ ಮೊದಲ ತಿಂಗಳುಗಳ ಸೀಮಿತ ವೇಳೆಯನ್ನು ಅದಕ್ಕೇ ವ್ಯಯಿಸುವುದು ಅರ್ಥಭೇದಕ್ಕಿಂತ ಸೊಗಸಿಗೆ ಮಣೆ ಹಾಕಿದಂತೆ.

ಅರ್ಥ ಕೆಡುವುದು ಬೇರೆಡೆ. ಸಕಾರದ ಘೋಷರೂಪವನ್ನು ಜ಼ ಎಂದೂ ಶಕಾರದ ಘೋಷರೂಪವನ್ನು ಝ಼ ಎಂದೂ ಇಲ್ಲಿ ಬರೆಯೋಣ. ಫ್ರೆಂಚಿನಲ್ಲಿ ಇವೆರಡೂ ಭಿನ್ನ ಧ್ವನಿಮಾಗಳು: ‘ಜ಼ೋನ್’ ಎಂದರೆ ವಲಯ, ‘ಝ಼ೋನ್’ ಎಂದರೆ ಹಳದಿ, ‘ಕಜ಼್’ ಚೌಕದ ಮನೆ, ‘ಕಝ಼್’ ಪಂಜರ. ಕನ್ನಡದ ಮಗುವಿನ ಬಾಯಲ್ಲಿ ಎರಡೂ ಸ್ಪರ್ಶಘರ್ಷವಾದ ಜಕಾರದಲ್ಲಿ ಒಂದಾಗುವ ಸಂಭವವಿದೆ. ಬರಹವನ್ನು ನಂಬಿ ಓದಿದರಂತೂ ಜ಼ಕಾರವು ಸಕಾರವೇ ಆಗಿ, ‘ಪ್ವಾಜ಼ೋಂ’ ಎಂಬ ವಿಷವು ‘ಪ್ವಾಸೋಂ’ ಎಂಬ ಮೀನಾಗುತ್ತದೆ. ಈ ಭೇದವು ವ್ಯಾಕರಣಕ್ಕೂ ಚಾಚಿದೆ: ‘ಇಲ್ ಜ಼ೋಂ’ ಎಂದರೆ ಅವರ ಬಳಿ ಇದೆ, ‘ಇಲ್ ಸೋಂ’ ಎಂದರೆ ಅವರು ಇದ್ದಾರೆ.

ಪದಾಂತ್ಯದಲ್ಲಿಯೂ ಇದೇ ವಿವೇಕ ಅಗತ್ಯ. ‘ಚಿಕ್ಕ’ ಎಂಬರ್ಥದ ವಿಶೇಷಣ ಪುಲ್ಲಿಂಗದಲ್ಲಿ ‘ಪೆತಿ’, ಸ್ತ್ರೀಲಿಂಗದಲ್ಲಿ ‘ಪೆತಿತ್’. ‘ಬಸ್ಸು’, ‘ಕಾರು’ ಎನ್ನುವ ಅಭ್ಯಾಸದಿಂದ ಮಗು ‘ಪೆತಿತು’ ಎಂದರೆ ಅದು ಸಣ್ಣ ತಪ್ಪು. ತಕಾರ ಕೇಳಿಸಿತು, ಲಿಂಗ ತಿಳಿಯಿತು. ದಕ್ಷಿಣ ಫ್ರಾನ್ಸಿನವರೂ ಅಲ್ಲಿ ಒಂದು ಕಿರುಸ್ವರವನ್ನು ನುಡಿಯುವುದುಂಟು. ಬರಹದಲ್ಲಿರುವ ತಕಾರವನ್ನು ಕಂಡು ಪುಲ್ಲಿಂಗಕ್ಕೂ ‘ಪೆತಿತ್’ ಎನ್ನುವುದೇ ದೊಡ್ಡ ತಪ್ಪು. ಆದರೆ ತಿದ್ದುವವರು ಹೆಚ್ಚಾಗಿ ಗಮನಿಸುವುದು ಮೊದಲನೆಯದನ್ನೇ.

ಹಾಗೆಂದು ಕಿವಿಯ ಕಲಿಕೆಯಲ್ಲಿ ದೋಷಗಳೇ ಇರವೆಂದಲ್ಲ. ‘ಊರ್ಸ್’ ಎಂದರೆ ಕರಡಿ; ಹಿಂದಿನ ಪದದಿಂದ ಬಂದ ಸಂಧಿವ್ಯಂಜನವನ್ನು ಅದಕ್ಕೇ ಅಂಟಿಸಿ ‘ನೂರ್ಸ್’, ‘ಜ಼ೂರ್ಸ್’ ಎನ್ನುವುದು ಫ್ರಾನ್ಸಿನ ಮಕ್ಕಳಲ್ಲಿ ಸುಪರಿಚಿತ. ಆದರೆ ಅದು ಕೇಳಿದ್ದನ್ನು ವಿಂಗಡಿಸಲು ಯತ್ನಿಸುವ ಮಗುವಿನ ದೋಷ. ಹೆಚ್ಚು ಕೇಳಿದಂತೆ ತಾನೇ ಕರಗುವಂಥದು.

ನಮ್ಮ ಸೂಚನೆ ಸರಳ. ಸ್ಪರ್ಶಗಳಿಗೆ ಕನ್ನಡವೇ ಆಧಾರವಾಗಲಿ. ಅಕ್ಷರ ತೋರಿಸುವ ಮುನ್ನ ಹಳದಿ ಬಣ್ಣದ, ಪಂಜರದ, ಮೀನಿನ ಚಿತ್ರಗಳನ್ನಿಟ್ಟು, ಕೇಳಿದ ಪದಕ್ಕೆ ತಕ್ಕ ಚಿತ್ರವನ್ನು ಮಗು ಮುಟ್ಟಲಿ. ಬಳಿಕ ಶಕಾರವನ್ನು ಎಳೆದು ನುಡಿಯುತ್ತಲೇ, ಗಂಟಲಿನ ಮೇಲೆ ಬೆರಳಿಟ್ಟು ಘೋಷವನ್ನು ಸೇರಿಸಲಿ. ಮನೆಮಾತಿನಲ್ಲಿ ಸ-ಶ ಭೇದ ಮಸುಕಾಗಿದ್ದರೆ ಮೊದಲು ಅದನ್ನು ದೃಢಪಡಿಸಬೇಕು. ರಕಾರ ಕಾಯಬಲ್ಲದು. ಈ ಕ್ರಮವನ್ನು ತರಗತಿಯಲ್ಲಿ ಪರೀಕ್ಷಿಸುವ ಸಂಶೋಧಕರು ಮಗು ಎಷ್ಟು ‘ಫ್ರೆಂಚಿನಂತೆ’ ನುಡಿಯಿತೆಂಬುದನ್ನಲ್ಲ, ಎಷ್ಟು ಪದಗಳನ್ನು ಬೇರ್ಪಡಿಸಿ ಕೇಳಿತು ಮತ್ತು ನುಡಿಯಿತು ಎಂಬುದನ್ನು ಅಳೆಯಬೇಕೆಂದು ನಾವು ಅಪೇಕ್ಷಿಸುತ್ತೇವೆ.